ಅಪ್ಪನ ಕಾರಿನ ಹೆಡ್‌ಲೈಟು

ಈ ಕಡೆ ತಲೆ ಹಾಕದೆ ಮೂರು ತಿಂಗಳ ಮೇಲಾಯ್ತು. ಪ್ರಾಜೆಕ್ಟು, ರಿಲೀಸು, ಅದೂ ಇದೂ ಅಂತ ನೆಪ ಹೇಳಬಹುದು. ನಿಜ ಏನಂದ್ರೆ, ಸಿಕ್ಕ ಎರಡು ವಾರಾಂತ್ಯಗಳನ್ನೂ ಭದ್ರಾವತಿಯಲ್ಲಿ ಅಪ್ಪನ ಕಾರಿನ ಬಾನೆಟ್ ಒಳಗೆ ತಲೆ ಹಾಕಿ ಕಳೆದೆ. ಅದನ್ನೇ ಬರೀತೀನಿ. ಕಾರಿನ ವಿಷಯ ಬೇಡಪ್ಪ ಅನ್ನೋರೂ ಓದಬಹುದು, ಇದರಲ್ಲಿ ಕಾರಿಗಿಂತ ಅಪ್ಪನೇ ಜಾಸ್ತಿ ಬರ್ತಾರೆ :-)

ನಮ್ಮದು 2012ರ ವ್ಯಾಗನ್ ಆರ್, ಕೆಎ-14. ಅಪ್ಪ ರಿಟೈರ್ ಆಗೋಕೆ ನಾಲ್ಕು ವರ್ಷ ಇದ್ದಾಗ ತಗೊಂಡಿದ್ದು. ಅವರು ವಿಐಎಸ್‌ಎಲ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ರು. (ಭದ್ರಾವತಿ ಗೊತ್ತಿಲ್ಲದೋರಿಗೆ: ವಿಶ್ವೇಶ್ವರಯ್ಯನವರ ಹೆಸರಿನ ಕಬ್ಬಿಣದ ಕಾರ್ಖಾನೆ, 1923ರಲ್ಲಿ ಉತ್ಪಾದನೆ ಶುರು ಮಾಡಿದ್ದು. ಊರಲ್ಲಿ ಯಾರನ್ನೇ ಮಾತಾಡ್ಸಿದ್ರೂ ಒಂದೋ ಕಾರ್ಖಾನೆ ಕಡೆಯವರು, ಇಲ್ಲಾ ಪೇಪರ್ ಮಿಲ್ ಕಡೆಯವರು ಅನ್ನೋ ಕಾಲ ಒಂದಿತ್ತು.) ಕಾರು ತಗೊಂಡ ದಿನ ಮಾರೋ ಹುಡುಗ ಆಕ್ಸೆಸರಿಗಳ ಉದ್ದನೆಯ ಪಟ್ಟಿ ಮುಂದಿಟ್ಟ. ಸೀಟ್ ಕವರು, ಸ್ಟೀರಿಂಗ್ ಕವರು, ಬುಲ್ ಗಾರ್ಡು, ಬಾಗಿಲಿಗೆ ಕ್ರೋಮ್ ಪಟ್ಟಿ... ಅಪ್ಪ ಪೂರ್ತಿ ಓದಿ, ಮಡ್ ಫ್ಲ್ಯಾಪಿಗೂ ಮ್ಯಾಟಿಗೂ ಟಿಕ್ ಹಾಕಿ ವಾಪಸ್ ಕೊಟ್ರು. ನಂಗೆ ಆಗ ಹೈಸ್ಕೂಲು. ಬುಲ್ ಗಾರ್ಡ್ ಇಲ್ಲದ ಕಾರು ಅದೆಂಥ ಕಾರು ಅಂತ ಮೂತಿ ಊದಿಸ್ಕೊಂಡು ಕೂತಿದ್ದೆ.

ಅಪ್ಪನ ಲೆಕ್ಕಾಚಾರ ಒಂದೊಂದಾಗಿ ಸರಿ ಅನ್ನಿಸಿದ್ದು ಆಮೇಲೆ. ಆ ವರ್ಷ ಏಪ್ರಿಲ್‌ನಲ್ಲೇ ಸುಪ್ರೀಂ ಕೋರ್ಟು ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದು ಅಂದಿತ್ತು. ನಮ್ಮ ಬೀದಿಯಲ್ಲಿ ಒಬ್ಬರು ಸಾವಿರಾರು ರೂಪಾಯಿ ಕೊಟ್ಟು ಹಾಕಿಸಿದ್ದನ್ನ ಬ್ಲೇಡು, ಸೋಪಿನ ನೀರು ಇಟ್ಕೊಂಡು ಭಾನುವಾರ ಇಡೀ ಕೆರೀತಾ ಕೂತಿದ್ರು. ಬುಲ್ ಗಾರ್ಡಿನ ಕಥೆ 2017ರ ಡಿಸೆಂಬರಿನಲ್ಲಿ ಮುಗೀತು. ಅದು ಕಾನೂನುಬಾಹಿರ, ತೆಗೆಸಿ ಅಂತ ಕೇಂದ್ರದ ಸಾರಿಗೆ ಇಲಾಖೆ ರಾಜ್ಯಗಳಿಗೆ ಬರೀತು. ಡಿಕ್ಕಿಯಾದಾಗ ಮುಂಭಾಗ ಮುದುರಿಕೊಂಡು ಏಟನ್ನ ನುಂಗಬೇಕು, ಏರ್‌ಬ್ಯಾಗಿನ ಸೆನ್ಸರಿಗೆ ಏಟು ತಿಳೀಬೇಕು. ಅಡ್ಡ ಒಂದು ಕಬ್ಬಿಣದ ಪೈಪು ಕೂತ್ರೆ ಎರಡೂ ಕೆಡುತ್ತೆ. ದಾರಿಯಲ್ಲಿ ನಡೆಯೋನಿಗೆ ತಗುಲಿದ್ರಂತೂ ಕೇಳೋದೇ ಬೇಡ.

ಹೀಗೆ ಹದಿಮೂರು ವರ್ಷ ಆ ಕಾರಿಗೆ ಡ್ಯಾಶ್‌ಬೋರ್ಡಿನ ಪುಟ್ಟ ಗಣಪತಿ ಬಿಟ್ರೆ ಇನ್ನೇನೂ ಸೇರಿರಲಿಲ್ಲ. ಅದೂ ಅಮ್ಮನ ಖಾತೆಯದ್ದು.

2025ರ ಮಳೆಗಾಲದಲ್ಲಿ ಒಂದು ರಾತ್ರಿ ಅಮ್ಮನಿಗೆ ಉಬ್ಬಸ ಜೋರಾಯ್ತು. ಅವರು ತೋರಿಸ್ಕೊಳ್ಳೋ ಡಾಕ್ಟರು ಇರೋದು ಶಿವಮೊಗ್ಗದಲ್ಲಿ. ನಾನಿರೋದು ಬೆಂಗಳೂರಲ್ಲಿ. ಅಪ್ಪ ಅಮ್ಮನ್ನ ಕೂರಿಸ್ಕೊಂಡು ಹೊರಟ್ರು. ಬಿ.ಎಚ್. ರೋಡಲ್ಲಿ ಇಪ್ಪತ್ತು ಕಿಲೋಮೀಟರಿನ ಆಸುಪಾಸು, ಹಗಲಲ್ಲಿ ಅರ್ಧ ಗಂಟೆಯ ದಾರಿ. ಅವತ್ತು ಒಂದು ಗಂಟೆ ಹತ್ತು ನಿಮಿಷ ಹಿಡೀತಂತೆ. ಮಾಚೇನಹಳ್ಳಿ ದಾಟಿದ ಮೇಲೆ ಎದುರಿನ ಲೈಟಿಗೆ ರೋಡೇ ಕಾಣದೆ ಎರಡು ಸಲ ಗಾಡಿ ಪಕ್ಕಕ್ಕೆ ಹಾಕಿ ನಿಂತಿದ್ರಂತೆ. ಅಮ್ಮ ಪಕ್ಕದಲ್ಲಿ ಇನ್‌ಹೇಲರ್ ಹಿಡ್ಕೊಂಡು, "ನಿಧಾನ ಹೋಗ್ರಿ, ನಂಗೇನೂ ಆಗಿಲ್ಲ" ಅಂತ ಇವರಿಗೇ ಧೈರ್ಯ ಹೇಳ್ತಾ ಇದ್ರಂತೆ.

ಇದು ನಂಗೆ ಗೊತ್ತಾಗಿದ್ದು ವಾರ ಕಳೆದ ಮೇಲೆ, ಅಮ್ಮನ ಬಾಯಿಂದ. ಅಪ್ಪ ಫೋನಲ್ಲಿ ಹೇಳಿದ್ದು ಇಷ್ಟೇ: "ಮಳೆ ಇತ್ತು, ಸ್ವಲ್ಪ ಲೇಟಾಯ್ತು."

ಅಪ್ಪನಿಗೆ ಈಗ ಅರವತ್ತೊಂಬತ್ತು. ಬಲಗಣ್ಣಿನ ಪೊರೆ ತೆಗೆಸಿ ಆಗಿದೆ, ಎಡಗಣ್ಣಿನದು "ನೋಡೋಣ" ಅಂತ ಮುಂದಕ್ಕೆ ಹೋಗ್ತಾ ಇದೆ. ಅರವತ್ತು ದಾಟಿದವರ ಕಣ್ಣಿನೊಳಕ್ಕೆ ಇಪ್ಪತ್ತರ ಹುಡುಗನಿಗೆ ಹೋಗೋ ಬೆಳಕಿನ ಸುಮಾರು ಮೂರನೇ ಒಂದು ಪಾಲು ಮಾತ್ರ ಹೋಗುತ್ತೆ ಅಂತಾರೆ. ಪಾಪೆ ಚಿಕ್ಕದಾಗುತ್ತೆ, ಮಸೂರ ಹಳದಿಯಾಗುತ್ತೆ. ಪೊರೆ ಇದ್ರೆ ಬಂದ ಬೆಳಕೂ ಒಳಗೆ ಚದುರುತ್ತೆ. ಅಂದ್ರೆ ಅಪ್ಪನಿಗೆ ತಮ್ಮ ಕಾರಿನ ಬೆಳಕು ಜಾಸ್ತಿ ಬೇಕು, ಎದುರಿನವರ ಬೆಳಕು ಕಮ್ಮಿ ಬೇಕು. ಎರಡನೆಯದು ನಮ್ಮ ಕೈಲಿಲ್ಲ. ಮೊದಲನೆಯದನ್ನ ನೋಡೋಣ ಅಂತ ಒಂದು ಶನಿವಾರ ಶಿವಮೊಗ್ಗಕ್ಕೆ ಹೋದೆ.

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋಗಿದ್ದೀರಾ? ಗಾಡಿಗೆ ಸಂಬಂಧಪಟ್ಟಿದ್ದು ಅಲ್ಲಿ ಸಿಗಲ್ಲ ಅಂದ್ರೆ ಅದು ಇನ್ನೂ ಹುಟ್ಟಿಲ್ಲ ಅಂತ ಅರ್ಥ. ಒಂದು ಅಂಗಡಿಯ ಹುಡುಗ ಬಲ್ಬ್ ನೋಡಿದವನೇ, "ಸರ್, ಇದನ್ನ ಕಿತ್ತಾಕಿ ಎಲ್‌ಇಡಿ ಹಾಕ್ತೀನಿ. ರಾತ್ರಿನ ಹಗಲು ಮಾಡಿ ಕೊಡ್ತೀನಿ" ಅಂದ. ಮೂರೂವರೆ ಸಾವಿರ. ಅದು ಬೇಡ ಅಂದ್ರೆ 100/90 ವ್ಯಾಟಿನ ಹ್ಯಾಲೊಜೆನ್ನು, ಐನೂರಕ್ಕೆ ಜೋಡಿ. ಹುಡುಗ ಒಳ್ಳೆಯವನು, ಮಾತೂ ಚೆಂದ. ಆದ್ರೆ ಅಪ್ಪ ಮಾಚೇನಹಳ್ಳಿ ಹತ್ರ ಗಾಡಿ ನಿಲ್ಲಿಸಿದ್ದು ಇಂಥದ್ದೇ ಹಗಲು ಎದುರಿಂದ ಬಂದಾಗ ಅಲ್ವಾ? ಯೋಚನೆ ಮಾಡಿ ಹೇಳ್ತೀನಿ ಅಂದೆ.

ಇಲ್ಲಿ ಸ್ವಲ್ಪ ಇಂಜಿನಿಯರಿಂಗ್ ಕೊರೀತೀನಿ, ಸಹಿಸ್ಕೊಳ್ಳಿ. (ಓದಿದ್ದು ನವಿಲೆಯ ಜೆಎನ್‌ಎನ್‌ಸಿಇಯಲ್ಲಿ ಎಲೆಕ್ಟ್ರಾನಿಕ್ಸ್, ಮಾಡೋದು ಜಾವಾ. ಇಂಥ ಅವಕಾಶ ಸಿಗೋದೇ ಅಪರೂಪ.) ನಮ್ಮ ಕಾರಿನಲ್ಲಿರೋದು ಎಚ್4 ಬಲ್ಬು. ಒಂದೇ ಬುರುಡೆಯೊಳಗೆ ಎರಡು ಫಿಲಮೆಂಟು, ಹೈ ಬೀಮಿಗೆ 60 ವ್ಯಾಟು, ಲೋ ಬೀಮಿಗೆ 55. ಲೋ ಬೀಮ್ ಫಿಲಮೆಂಟಿನ ಕೆಳಗೆ ಉಗುರಿನಷ್ಟು ದೊಡ್ಡ ಒಂದು ಲೋಹದ ಬಟ್ಟಲು ಇರುತ್ತೆ. ಆ ಬಟ್ಟಲು ಕೆಳಕ್ಕೆ ಹೋಗೋ ಬೆಳಕನ್ನ ತಡೆಯುತ್ತೆ. ತಡೀದಿದ್ರೆ ಅದು ರಿಫ್ಲೆಕ್ಟರಿನ ಕೆಳಭಾಗಕ್ಕೆ ಬಡಿದು, ಮೇಲಕ್ಕೆ ಹಾರಿ, ಎದುರಿನವನ ಕಣ್ಣಿಗೆ ಹೋಗುತ್ತೆ. ರಿಫ್ಲೆಕ್ಟರಿನ ಒಂದೊಂದು ಮಡಿಕೆಯೂ ಫಿಲಮೆಂಟು ಇಂಥ ಜಾಗದಲ್ಲೇ, ಇಷ್ಟೇ ಉದ್ದ ಇರುತ್ತೆ ಅಂತ ನಂಬಿ ಮಾಡಿದ್ದು. ಎಲ್‌ಇಡಿ ಬಲ್ಬಿನಲ್ಲಿ ಒಂದು ಪಟ್ಟಿಯ ಎರಡು ಮಗ್ಗುಲಲ್ಲಿ ಚಿಪ್ಪುಗಳು ಕೂತಿರ್ತವೆ. ಬೆಳಕು ಬರೋ ಜಾಗವೂ ಬೇರೆ, ಆಕಾರವೂ ಬೇರೆ. ಪರಿಣಾಮ, ಕಾರಿನ ಮೂತಿ ಮುಂದೆ ನೆಲ ಬೆಳ್ಳಗೆ ಹಾಲು ಚೆಲ್ಲಿದಂಗೆ ಕಾಣುತ್ತೆ. ನೋಡೋರಿಗೆ ಆಹಾ ಅನ್ಸುತ್ತೆ. ಆದ್ರೆ ಹತ್ತಿರ ಅಷ್ಟು ಬೆಳಕಿದ್ರೆ ಪಾಪೆ ಚಿಕ್ಕದಾಗಿ ದೂರದ್ದು ಇನ್ನೂ ಕಾಣಲ್ಲ. ಮಿಕ್ಕ ಬೆಳಕು ಎದುರಿನವನ ಪಾಲಿಗೆ.

ಕಾನೂನೂ ಇದೆ. ಕಂಪನಿ ಕೊಟ್ಟಂತೆ ನೋಂದಣಿಯಾದ ಗಾಡಿಯನ್ನ ಬೇಕಾದಂಗೆ ಬದಲಾಯಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡಲ್ಲ. 2024ರ ಜುಲೈಯಲ್ಲಿ ನಮ್ಮ ಪೊಲೀಸರು ಕಣ್ಣು ಕುಕ್ಕೋ ಲೈಟುಗಳ ಮೇಲೆ ರಾಜ್ಯದಾದ್ಯಂತ ಕೇಸು ಹಾಕೋಕೆ ಶುರು ಮಾಡಿದ್ದೂ ನೆನಪಿರಬಹುದು. ಆದ್ರೆ ಹಳ್ಳಿ ರೋಡಲ್ಲಿ ಮಧ್ಯರಾತ್ರಿ ಯಾವ ಪೊಲೀಸು?

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟು, "ಹೊಸದು ತರೋದು ಇದ್ದೇ ಇದೆ. ಮೊದಲು ಇರೋ ಬಲ್ಬಿಗೆ ಪೂರ್ತಿ ಕರೆಂಟು ಬರ್ತಿದ್ಯಾ ನೋಡಿದ್ಯೇನೋ?" ಅಂದ್ರು.

ಕಾರ್ಖಾನೆಯ ದಿನಗಳ ಮಲ್ಟಿಮೀಟರು ಮಂಚದ ಕೆಳಗಿನ ಟ್ರಂಕಿನಿಂದ ಹೊರಗೆ ಬಂತು. ಎಂಜಿನ್ ಸ್ಟಾರ್ಟ್ ಮಾಡಿ, ಲೈಟ್ ಹಾಕಿ ಅಳೆದ್ವಿ. ಬ್ಯಾಟರಿ ಹತ್ರ 13.8 ವೋಲ್ಟು. ಬಲ್ಬಿನ ಬುಡದಲ್ಲಿ 12.3. ಒಂದೂವರೆ ವೋಲ್ಟು ದಾರಿಯಲ್ಲೇ ಖರ್ಚು! ಬ್ಯಾಟರಿಯಿಂದ ಹೊರಟ ಕರೆಂಟು ಸ್ಟೀರಿಂಗ್ ಪಕ್ಕದ ಸ್ವಿಚ್ಚಿನವರೆಗೆ ಸಣ್ಣ ವೈರಿನಲ್ಲಿ ಬಂದು, ಅಲ್ಲಿಂದ ತಿರುಗಿ ಮುಂದಕ್ಕೆ ಹೋಗಬೇಕು. ಹದಿಮೂರು ಮಳೆಗಾಲ ಕಂಡ ಕನೆಕ್ಟರುಗಳು ಬೇರೆ. ಒಂದೂವರೆ ವೋಲ್ಟು ತಾನೇ ಅನ್ನಬೇಡಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಸರಿಯಾಗಿ ಏರಿಳಿಯುತ್ತೆ. ಲೆಕ್ಕ ಹಾಕಿದ್ರೆ ಮೂರನೇ ಒಂದು ಭಾಗ ಬೆಳಕು ಮಾಯ. ಇದೇ ವೈರಿಂಗಿಗೆ 90 ವ್ಯಾಟಿನ ಬಲ್ಬ್ ಹಾಕಿದ್ರೆ? ಲೋ ಬೀಮಿಗೆ ಸುಮಾರು 9 ಆಂಪಿಯರ್ ಹರಿಯೋ ಕಡೆ 15 ಹರೀಬೇಕು. ಬೆಳಕು ಬರೋಕೆ ಮುಂಚೆ ಸ್ವಿಚ್ಚು ಕರಗಿದ ವಾಸನೆ ಬರುತ್ತೆ.

ಅಪ್ಪನ ಮುಖ ನೋಡಬೇಕಿತ್ತು. ಎಷ್ಟೋ ವರ್ಷದ ಮೇಲೆ ಡ್ಯೂಟಿಗೆ ಕರೆ ಬಂದಂಗೆ!

ಪರಿಹಾರ ಹಳೇದು. ಎರಡು ರಿಲೇ, ಲೋ ಬೀಮಿಗೊಂದು, ಹೈ ಬೀಮಿಗೊಂದು. ಬ್ಯಾಟರಿಯಿಂದ ದಪ್ಪ ವೈರು ನೇರ ರಿಲೇಗೆ, ರಿಲೇಯಿಂದ ಬಲ್ಬಿಗೆ. ಸ್ವಿಚ್ಚಿನ ಕರೆಂಟು ರಿಲೇಯೊಳಗಿನ ಪುಟ್ಟ ಸುರುಳಿಯನ್ನ ಎಳೆದ್ರೆ ಸಾಕು, ಅದಕ್ಕೆ ಆಂಪಿಯರಿನ ಆರನೇ ಒಂದು ಭಾಗ ಇದ್ರೆ ಹೆಚ್ಚು. ಇದರದ್ದು ರೆಡಿಮೇಡ್ ಸೆಟ್ಟು ಸಿಗುತ್ತೆ, ಕಾರಿನ ಯಾವ ವೈರನ್ನೂ ಕತ್ತರಿಸಬೇಕಾಗಿಲ್ಲ. ಹಳೇ ಕನೆಕ್ಟರನ್ನ ಅದಕ್ಕೆ ಚುಚ್ಚಿದ್ರೆ ಆಯ್ತು, ಬೇಡ ಅನ್ಸಿದ ದಿನ ಕಿತ್ತು ಮೊದಲಿನಂಗೇ ಮಾಡಬಹುದು. 950 ರೂಪಾಯಿ ಕೊಟ್ಟು ತಂದೆ. ಅಪ್ಪ ಅದನ್ನ ಹಾಗೇ ಹಾಕೋಕೆ ಬಿಡಬೇಕಲ್ಲ! ಫ್ಯೂಸು ವೈರಿನ ಮಧ್ಯದಲ್ಲೆಲ್ಲೋ ಇತ್ತು. "ಬ್ಯಾಟರಿಯಿಂದ ಫ್ಯೂಸಿನವರೆಗೆ ಎಲ್ಲಾದ್ರೂ ವೈರ್ ಉಜ್ಜಿ ಬಾಡಿಗೆ ತಾಗಿದ್ರೆ ಯಾರಪ್ಪ ಕಾಯೋರು?" ಅಂತ ಅದನ್ನ ಬಿಚ್ಚಿ, ಬ್ಯಾಟರಿಯಿಂದ ಗೇಣು ದೂರಕ್ಕೆ ತಂದು, ಕಡ್ಡಿ ಕೊರೆದಂಗೆ ಬೆಸುಗೆ ಹಾಕಿ, ಮೇಲೊಂದು ತೋಳು ತೊಡಿಸಿದ್ರು. ವೈರು ತಗಡಿನ ಅಂಚು ದಾಟೋ ಕಡೆಯಲ್ಲೆಲ್ಲ ಹಳೇ ಸೈಕಲ್ ಟ್ಯೂಬಿನ ತುಂಡು. ನನ್ನ ಕೆಲಸ ಟಾರ್ಚ್ ಹಿಡಿಯೋದು. ಅದನ್ನೂ ಸರಿಯಾಗಿ ಹಿಡೀತಿಲ್ಲ ಅಂತ ಬೈಸ್ಕೊಂಡೆ.

ಮತ್ತೆ ಅಳೆದ್ವಿ. 13.5. ಬಲ್ಬು ಅದೇ, 60/55.

ಮರುದಿನ ಗಾಜಿನ ಕೆಲಸ. ಗಾಜು ಅಂತೀವಿ, ನಿಜದಲ್ಲಿ ಅದು ಪಾಲಿಕಾರ್ಬೊನೇಟು, ಬಿಸಿಲಿಗೆ ಹಳದಿಯಾಗುತ್ತೆ. ಸಾವಿರ ನಂಬರಿನ ಉಪ್ಪುಕಾಗದ, ಆಮೇಲೆ ಎರಡು ಸಾವಿರದ್ದು, ನೀರು ಹಾಕಿ ಉಜ್ಜಿ, ಕೊನೆಗೆ ಪಾಲಿಶ್. ತೋಳು ಬಿದ್ದುಹೋಯ್ತು. ರಾತ್ರಿ ಕಾರನ್ನ ಎದುರುಮನೆ ಕಾಂಪೌಂಡ್ ಗೋಡೆಯಿಂದ ಹತ್ತು ಮೀಟರ್ ದೂರ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಹಾಕಿದ್ವಿ. ಲೋ ಬೀಮಿನ ಮೇಲಂಚು ದೀಪದ ಎತ್ತರಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ ಬೀಳಬೇಕು. ಎಡಗಡೆಯದು ಸರಿ ಇತ್ತು. ಬಲಗಡೆಯದು ದೀಪಕ್ಕಿಂತ ಮೇಲೆ ಆಕಾಶ ನೋಡ್ತಾ ಇತ್ತು! ಇಷ್ಟು ದಿನ ನಮ್ಮ ಕಾರೂ ಯಾರೋ ಒಬ್ಬರ ಅಪ್ಪನ ಕಣ್ಣಿಗೆ ಬೆಳಕು ಹೊಡೀತಾ ಇತ್ತು ಅಂತಾಯ್ತು. ಅಪ್ಪ ಸುಮ್ಮನೆ ಸ್ಕ್ರೂ ತಿರುಗಿಸಿದ್ರು.

(ಹಳದಿ ಫಾಗ್ ಲೈಟ್ ಹಾಕ್ಸು ಅಂತ ಗೆಳೆಯನೊಬ್ಬನ ಸಲಹೆ ಇತ್ತು. ಆಗುಂಬೆ ಮಂಜನ್ನ ಹಳದಿ ಬೆಳಕು ಸೀಳುತ್ತಂತೆ. ಮಂಜಿನ ಹನಿಗಳು ಬೆಳಕಿನ ಅಲೆಗಿಂತ ಎಷ್ಟೋ ದೊಡ್ಡವು, ಹಳದಿ ಬಿಳಿ ಅಂತ ಭೇದ ಮಾಡದೆ ಎಲ್ಲವನ್ನೂ ಚದುರಿಸ್ತವೆ. ಫಾಗ್ ಲೈಟ್ ಕೆಲಸ ಮಾಡೋದು ಅದು ತಗ್ಗಿನಲ್ಲಿರೋದ್ರಿಂದ, ಬೆಳಕು ಅಗಲವಾಗಿ ನೆಲಕ್ಕೇ ಹಾಸೋದ್ರಿಂದ. ಅಪ್ಪ ಆಗುಂಬೆಗೆ ಹೋಗೋದು ಎರಡು ವರ್ಷಕ್ಕೊಮ್ಮೆ, ಅದೂ ಮಧ್ಯಾಹ್ನ. ಬಿಟ್ಟೆ.)

ಭಾನುವಾರ ಒಂಬತ್ತು ಗಂಟೆಗೆ ಶಿವಮೊಗ್ಗದ ಕಡೆ ಹೊರಟ್ವಿ. ಅಪ್ಪನ ಕೈಲಿ ಸ್ಟೀರಿಂಗು, ನಾನು ಪಕ್ಕದಲ್ಲಿ. ಮಾಚೇನಹಳ್ಳಿ ದಾಟಿ ಸ್ವಲ್ಪ ದೂರದಲ್ಲಿ ಹುಲ್ಲು ತುಂಬಿದ ಟ್ರ್ಯಾಕ್ಟರು, ಹಿಂದೆ ಲೈಟೂ ಇಲ್ಲ, ರಿಫ್ಲೆಕ್ಟರೂ ಇಲ್ಲ. ನಂಗೆ ಕಾಣೋಕೆ ಮುಂಚೆ ಅಪ್ಪ ಆಕ್ಸಿಲರೇಟರಿನಿಂದ ಕಾಲು ತೆಗೆದಿದ್ರು. ಖುಷಿಯಾಯ್ತು ಅಂದ್ರೆ ಕಮ್ಮಿ. ನಿದಿಗೆ ಹತ್ರ ಎದುರಿಂದ ಒಂದು ಜೀಪು ಬಂತು, ಮೂತಿ ತುಂಬಾ ಬೆಳ್ಳನೆ ಎಲ್‌ಇಡಿ. ಅಪ್ಪ ಮತ್ತೆ ಇಪ್ಪತ್ತಕ್ಕೆ ಇಳಿದ್ರು. ಎಡಗಡೆಯ ಬಿಳಿ ಗೆರೆ ನೋಡ್ಕೊಂಡು, ಉಸಿರು ಬಿಗಿಹಿಡಿದು... ಜೀಪು ಹೋಗಿ ನಾಲ್ಕೈದು ಸೆಕೆಂಡ್ ಆದ ಮೇಲೆ ಬಿಟ್ಟ ಆ ಉಸಿರು ನಂಗೆ ಕೇಳಿಸ್ತು.

"ಎಡಗಣ್ಣು," ಅಂದ್ರು. "ಬೆಳಕು ಒಡೆದು ಹೂವಿನಂಗೆ ಆಗುತ್ತೆ ಕಣೋ."

ಮಲವಗೊಪ್ಪ ಬರೋವರೆಗೂ ಇಬ್ಬರೂ ಮಾತಾಡಲಿಲ್ಲ. ಆಮೇಲೆ ನಾನು ಕೇಳಿದೆ, ಅವರು ಹೂಂ ಅಂದ್ರು. ವಾಪಸ್ ಬರೋವಾಗ ನಾನೇ ಓಡಿಸಿದೆ. ಮುಂದಿನ ತಿಂಗಳು ಆಪರೇಷನ್, ಒಂದು ವಾರ ರಜ ಹಾಕಿದ್ದೀನಿ. ಅಲ್ಲಿವರೆಗೆ ರಾತ್ರಿ ಹೊತ್ತು ಏನಾದ್ರೂ ಬೇಕಾದ್ರೆ ಪಕ್ಕದ ಬೀದಿಯ ಟ್ಯಾಕ್ಸಿಯವನ ನಂಬರು ಫ್ರಿಜ್ಜಿನ ಮೇಲೆ ಅಂಟಿಸಿ ಬಂದಿದ್ದೀನಿ. ಅಮ್ಮ ಅದರ ಕೆಳಗೆ ನನ್ನ ನಂಬರನ್ನೂ ಬರೆದಿದ್ದಾರೆ, ಬೆಂಗಳೂರಿಂದ ನಾನೇನು ಹಾರಿಕೊಂಡು ಬರ್ತೀನೋ ಗೊತ್ತಿಲ್ಲ.

ಒಟ್ಟು ಖರ್ಚು 1,640 ರೂಪಾಯಿ, ಉಪ್ಪುಕಾಗದ ಸೇರಿ. ಮಲ್ಟಿಮೀಟರು ಇನ್ನೂ ಟ್ರಂಕಿಗೆ ವಾಪಸ್ ಹೋಗಿಲ್ಲ. ಅಪ್ಪ ಈಗ ಬೀದಿಯವರ ಕಾರುಗಳನ್ನೆಲ್ಲ ಅಳೀತಾ ಇದ್ದಾರಂತೆ. ಎದುರುಮನೆಯವರ ಹಳೇ ಆಲ್ಟೋದಲ್ಲಿ ಬಲ್ಬಿನ ಬುಡಕ್ಕೆ ಬರೋದು 11.9 ವೋಲ್ಟಂತೆ. ಈ ಶನಿವಾರ ಬರುವಾಗ ಇನ್ನೊಂದು ಸೆಟ್ ರಿಲೇ ತಗೊಂಡು ಬಾ, ದುಡ್ಡು ಅವರೇ ಕೊಡ್ತಾರೆ ಅಂತ ಈಗಷ್ಟೇ ಫೋನ್ ಬಂದಿತ್ತು.