ಹಳೆಯ ಹೆದ್ದಾರಿಯ ಊಟದ ಮನೆಗಳು

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ನಾವೆಲ್ಲರೂ ಈ ಶಾಲೆಯ ಬೆಂಚುಗಳ ಮೇಲೆ ಕುಳಿತು ಕಾಪಿಪುಸ್ತಕದಲ್ಲಿ ದುಂಡಗೆ ಬರೆದವರಷ್ಟೆ. ಆ ಎರಡು ಕೆಲಸಗಳೂ ಒಂದೇ ಪ್ರಯಾಣದಲ್ಲಿ ನಮಗೆ ಕೂಡಿಬರುವುವೆಂದು ಅಂದು ನಾವು ಎಣಿಸಿರಲಿಲ್ಲ. 2019ನೆಯ ಇಸವಿಯ ಸೆಪ್ಟೆಂಬರ್ ತಿಂಗಳಲ್ಲಿ, ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರಾದ ನಾವು ಮೂವರು, ಅಮೆರಿಕದ ಮಧ್ಯಪಶ್ಚಿಮ ಪ್ರಾಂತದಲ್ಲಿ ಷಿಕಾಗೋ ನಗರದಿಂದ ಸೇಂಟ್ ಲೂಯಿಸ್ ನಗರದವರೆಗೆ 66ನೆಯ ನಂಬರಿನ ಹಳೆಯ ಹೆದ್ದಾರಿಯನ್ನು ಹಿಡಿದು ಮೋಟಾರಿನಲ್ಲಿ ಪ್ರಯಾಣಮಾಡಿದೆವು. ಆ ಪ್ರಯಾಣದ ವಿಷಯವಾಗಿ ನಾಲ್ಕು ಮಾತು ಬರೆದುಕೊಡಿರೆಂದು ಈ ಸಂಚಿಕೆಯ ಸಂಪಾದಕಿಯರು ಕೇಳಿರುವರು. ಗಗನವನ್ನು ಮುಟ್ಟುವ ಕಟ್ಟಡಗಳ ವರ್ಣನೆಯನ್ನು ವಾಚಕರು ಬೇರೆಡೆಗಳಲ್ಲಿ ಬೇಕಾದಷ್ಟು ಓದಿರುವರಾದಕಾರಣ, ನಾವು ದಾರಿಯ ಮಗ್ಗುಲಿನ ಊಟದ ಮನೆಗಳ ವಿಷಯವನ್ನು ಮಾತ್ರ ಹೇಳುವೆವು.

ನಮ್ಮಲ್ಲೊಬ್ಬರ ಅಕ್ಕನ ಮಗಳು ಇಲಿನಾಯ್ ಸಂಸ್ಥಾನದಲ್ಲಿ ನೆಲಸಿರುವಳು. ಸಾರಥ್ಯವನ್ನು ವಹಿಸಿದವಳು ಅವಳೇ. "ದೊಡ್ಡ ರಸ್ತೆಯಲ್ಲಿ ಹೋದರೆ ಐದು ಗಂಟೆಯ ದಾರಿ, ಚಿಕ್ಕಮ್ಮ. ಇದಕ್ಕೆ ನಾಲ್ಕು ದಿನ ಬೇಕೇ?" ಎಂದು ಅವಳು ನಕ್ಕಳು. ಬೇಕೆಂದು ನಾವು ಹಟಮಾಡಿದೆವು.

ಈ ಹೆದ್ದಾರಿಗೆ 66 ಎಂಬ ನಂಬರು ಬಿದ್ದದ್ದು 1926ರಲ್ಲಿ. ಷಿಕಾಗೋವಿನಿಂದ ಹೊರಟು, ಎಂಟು ಸಂಸ್ಥಾನಗಳನ್ನು ಹಾಯ್ದು, ಕ್ಯಾಲಿಫೋರ್ನಿಯಾದ ಕಡಲತೀರದವರೆಗೆ ಅದು 2,400 ಮೈಲಿಗೂ ಮಿಕ್ಕಿ ಹರಿದಿದ್ದಿತು. ಊರಿಂದೂರಿಗೆ ಮೊದಲೇ ಇದ್ದ ರಸ್ತೆಗಳನ್ನು ಕೂಡಿಸಿ ಅದಕ್ಕೆ ಒಂದು ನಂಬರನ್ನು ಕೊಟ್ಟರು. ಆದುದರಿಂದ ಅದು ಪ್ರತಿಯೊಂದು ಊರಿನ ಪೇಟೆಬೀದಿಯ ನಡುವೆಯೇ ಹಾದುಹೋಗುತ್ತಿದ್ದಿತು. ಬೀದಿಯಲ್ಲಿ ಮೋಟಾರು ನಿಂತ ಮೇಲೆ, ಅದರಲ್ಲಿ ಬಂದವರಿಗೆ ಹಸಿವೆಯಾಗುವುದು ಸಹಜವಷ್ಟೆ. ಪೆಟ್ರೋಲ್ ಮಾರುವವನು ಎರಡು ಮೇಜು ಹಾಕಿದನು. ಅವನ ಹೆಂಡತಿಯು ಒಲೆ ಹಚ್ಚಿದಳು. ಹೀಗೆ ಬೆಳೆದ ಊಟದ ಮನೆಗಳಿಗೆ ಲೆಕ್ಕವಿರಲಿಲ್ಲ. ಷಿಕಾಗೋವಿನ ಹೊರವಲಯದ ವಿಲೋಬ್ರೂಕಿನಲ್ಲಿರುವ 'ಡೆಲ್ ರೇ' ಎಂಬುವರ ಹೆಸರಿನ ಕೋಳಿಯೂಟದ ಮನೆಯ ಹುಟ್ಟಿನ ಕಥೆಯು ಇದಕ್ಕೊಂದು ನಿದರ್ಶನ. ಪೆಟ್ರೋಲ್ ಅಂಗಡಿಯೊಳಗೆ ಚಿಕ್ಕದೊಂದು ತಿಂಡಿಯ ಕಟ್ಟೆಯನ್ನು ಇಟ್ಟುಕೊಂಡಿದ್ದ ಯಜಮಾನನ ಬಳಿಗೆ ರೈತ ಹೆಂಗಸರಿಬ್ಬರು ಬಂದು, "ನಮ್ಮ ಕೋಳಿಗಳನ್ನೇ ಕೊಳ್ಳುವೆನೆಂದು ಮಾತು ಕೊಟ್ಟರೆ, ಅವನ್ನು ಕರಿಯುವ ಬಗೆಯನ್ನು ನಿನಗೆ ಕಲಿಸಿಕೊಡುವೆವು" ಎಂಬುದಾಗಿ ಹೇಳಿದರಂತೆ. ಆ ಇಬ್ಬರ ವ್ಯವಹಾರಜ್ಞಾನವನ್ನು ಕೇಳಿ ನಾವು ಮೂವರೂ ಬಹಳ ಮೆಚ್ಚಿದೆವು.

1956ರಲ್ಲಿ ರಾಷ್ಟ್ರಾಧ್ಯಕ್ಷ ಐಸನ್‌ಹೋವರರು ಹೊಸ ಹೆದ್ದಾರಿಗಳ ಶಾಸನಕ್ಕೆ ರುಜು ಹಾಕಿದರು. ಅದರ ಮೇರೆಗೆ ಸುಮಾರು 41,000 ಮೈಲಿಗಳ ಅಗಲವಾದ ದಾರಿಗಳನ್ನು ಕಟ್ಟುವುದೆಂದು ನಿರ್ಣಯವಾಯಿತು. ಈ ಹೊಸ ದಾರಿಗಳು ಊರುಗಳನ್ನು ಬಿಟ್ಟು ಹೊರಗಿನಿಂದಲೇ ಸಾಗುವುವು. ಗೊತ್ತುಮಾಡಿದ ಎಡೆಗಳಲ್ಲಲ್ಲದೆ ಎಲ್ಲಿಯೂ ಇಳಿಯುವಂತಿಲ್ಲ. ಇಳಿಯುವ ಎಡೆಯ ಬಳಿ ದೊಡ್ಡ ಕಂಪೆನಿಗಳ ಊಟದ ಅಂಗಡಿಗಳು ಎತ್ತರವಾದ ಹಲಗೆಗಳನ್ನು ನಿಲ್ಲಿಸಿಕೊಂಡು ಕುಳಿತವು. ಪೇಟೆಬೀದಿಯ ಒಲೆಗಳು ಒಂದೊಂದಾಗಿ ಆರಿದವು. ಕಡೆಗೆ 1985ರಲ್ಲಿ 66 ಎಂಬ ನಂಬರನ್ನೇ ಪಟ್ಟಿಯಿಂದ ತೆಗೆದುಹಾಕಿದರು.

ಆದರೂ ಹಳೆಯ ದಾರಿಯು ಪೂರಾ ಅಳಿದುಹೋಗಿಲ್ಲ. ಹೊಸ ಹೆದ್ದಾರಿಯ ಮಗ್ಗುಲಲ್ಲೇ, ಮುಸುಕಿನ ಜೋಳದ ಮತ್ತು ಸೋಯಾ ಅವರೆಯ ಹೊಲಗಳ ನಡುವೆ, ಅದು ಸದ್ದಿಲ್ಲದೆ ಸಾಗುವುದನ್ನು ನಾವು ಕಂಡೆವು. ಕೆಲವು ಕಡೆ ಕಾಂಕ್ರೀಟಿನ ಬಿರುಕುಗಳಲ್ಲಿ ಹುಲ್ಲು ಬೆಳೆದಿದ್ದಿತು. ಆಬರ್ನ್ ಎಂಬ ಊರಿನ ಬಳಿ 1931ರಲ್ಲಿ ಇಟ್ಟಿಗೆ ಹಾಸಿದ ಸುಮಾರು ಒಂದೂವರೆ ಮೈಲಿಯ ದಾರಿಯು ಇನ್ನೂ ಹಾಗೆಯೇ ಇದ್ದಿತು.

ಷಿಕಾಗೋವಿನಲ್ಲಿ ನಾವು ಬೆಳಗಿನ ಉಪಾಹಾರವನ್ನು ಮಾಡಿದ್ದು 1923ರಲ್ಲಿ ಸ್ಥಾಪಿತವಾದ ಲೂ ಮಿಚೆಲ್ ಎಂಬುವರ ಹೆಸರಿನ ಮನೆಯಲ್ಲಿ. ಒಳಗೆ ಬಂದ ಹೆಂಗಸರಿಗೂ ಮಕ್ಕಳಿಗೂ ಒಂದು ಪುಟ್ಟ ಪೆಟ್ಟಿಗೆ ಮಿಠಾಯಿಯನ್ನು ಕೈಗೆ ಕೊಡುವುದು ಅಲ್ಲಿಯ ಪದ್ಧತಿ. ಎಪ್ಪತ್ತನ್ನು ಸಮೀಪಿಸಿದ ನಮಗೂ ಅದು ದೊರೆಯಿತು. ನಾವು ಶಾಲೆಯ ಹುಡುಗಿಯರಂತೆ ಅದನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡೆವು. ಮುಂದೆ ಫಂಕ್ಸ್ ಗ್ರೋವ್ ಎಂಬ ತೋಪಿನಲ್ಲಿ ಮೇಪಲ್ ಮರದ ಪಾಕವನ್ನು ಕೊಂಡೆವು. ಫಂಕ್ ಮನೆತನದವರು 1891ರಿಂದ ಅದನ್ನು ಮಾರುತ್ತ ಬಂದಿರುವರು. ಚಳಿಗಾಲದ ಕೊನೆಯಲ್ಲಿ ಮರಕ್ಕೆ ಕಂಡಿ ಕೊರೆದು, ಒಸರುವ ರಸವನ್ನು ಹಿಡಿದು, ನಮ್ಮ ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕಾಯಿಸುವಂತೆ ಕುದಿಸಿ ಇಂಗಿಸುವರು. ಸುಮಾರು 40 ಪಾಲು ರಸದಿಂದ 1 ಪಾಲು ಪಾಕವಾಗುವುದು. ಆ ಮನೆತನದ ಹೇಜಲ್ ಫಂಕ್ ಹೋಮ್ಸ್ ಎಂಬಾಕೆಯು ಮರಗಳನ್ನು ಯಾರೂ ಕಡಿಯದಂತೆ ದತ್ತಿಯ ಏರ್ಪಾಟನ್ನು ಮಾಡಿದುದರಿಂದ ಆ ತೋಪು ಇಂದಿಗೂ ಉಳಿದಿದೆಯೆಂದು ತಿಳಿದು ಸಂತೋಷವಾಯಿತು.

ಎರಡನೆಯ ದಿನ ಸ್ಪ್ರಿಂಗ್‌ಫೀಲ್ಡನ್ನು ಸೇರಿದೆವು. ಅಬ್ರಹಾಮ್ ಲಿಂಕನರು ವಾಸವಾಗಿದ್ದ ಊರು ಅದು. ಅಲ್ಲಿಯ ಕೋಜಿ ಡಾಗ್ ಎಂಬ ಮನೆಯಲ್ಲಿ ಸಾಸೇಜನ್ನು ಕಡ್ಡಿಗೆ ಚುಚ್ಚಿ, ಜೋಳದ ಹಿಟ್ಟಿನಲ್ಲಿ ಅದ್ದಿ, ನಮ್ಮ ಬಜ್ಜಿಯಂತೆ ಕರಿದು ಕೊಡುವರು. ಎಡ್ ವಾಲ್ಡ್‌ಮೈರ್ ಎಂಬುವರು ಅದನ್ನು ಆ ಊರಿನಲ್ಲಿ ಮೊದಲು ಮಾರಿದ್ದು 1946ರಲ್ಲಿ. ಅವರು ಇಡಬೇಕೆಂದಿದ್ದ ಒರಟು ಹೆಸರನ್ನು ಒಪ್ಪದೆ, ಬೆಚ್ಚನೆಯ ಅರ್ಥದ ಈ ಹೆಸರನ್ನು ಸೂಚಿಸಿದವರು ಅವರ ಪತ್ನಿ ವರ್ಜೀನಿಯಾ. ನಮ್ಮಲ್ಲಿ ಮಾಂಸ ತಿನ್ನದ ಒಬ್ಬರಿಗೆ ಕರಿದ ಆಲೂಗಡ್ಡೆಯೇ ಗತಿಯಾಯಿತು; ಆದರೆ ಆ ದಾರಿಯುದ್ದಕ್ಕೂ ಮೊಟ್ಟೆ, ರೊಟ್ಟಿ, ಹಣ್ಣಿನ ಪೈ, ಬಟ್ಟಲು ಬರಿದಾಗುವ ಮೊದಲೇ ಕೇಳದೆ ತುಂಬುವ ಕಾಫಿ, ಇವು ಯಾವ ಹೊತ್ತಿನಲ್ಲಿಯೂ ದೊರೆಯುತ್ತಿದ್ದುದರಿಂದ ಉಪವಾಸದ ಪ್ರಮೇಯ ಬರಲಿಲ್ಲ.

ಆ ರಾತ್ರಿ ಬಿಡಾರದಲ್ಲಿ ನಮ್ಮ ಸಾರಥಿಯು ತನ್ನ ಫೋನಿನಲ್ಲಿ ಎರಡು ಪುಸ್ತಕಗಳ ವಿಷಯವನ್ನು ನಮಗೆ ತೋರಿಸಿದಳು. ಎರಡೂ ಮೊದಲು ಹೊರಬಂದದ್ದು 1936ರಲ್ಲಿ. ಒಂದನ್ನು ಬರೆದವರು ಡಂಕನ್ ಹೈನ್ಸ್. ಷಿಕಾಗೋವಿನಲ್ಲಿದ್ದುಕೊಂಡು ಮುದ್ರಣದ ಕಂಪೆನಿಗಾಗಿ ಊರೂರು ತಿರುಗುತ್ತಿದ್ದ ಅವರು, ತಾವು ಉಂಡು ಮೆಚ್ಚಿದ ಮನೆಗಳ ಪಟ್ಟಿಯನ್ನು 1935ರ ಕ್ರಿಸ್ಮಸ್ಸಿಗೆ ಸ್ನೇಹಿತರಿಗೆ ಕಳುಹಿಸಿ, ಮರುವರ್ಷ ಅದನ್ನು ಪುಸ್ತಕವಾಗಿ ಮಾಡಿದರು. ಎಲ್ಲಿ ಊಟವು ಶುಚಿ, ಎಲ್ಲಿ ರುಚಿ ಎಂಬುದನ್ನು ಅದು ಹೇಳುತ್ತಿದ್ದಿತು. ಇನ್ನೊಂದು 'ಗ್ರೀನ್ ಬುಕ್'. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿದ್ದ ವಿಕ್ಟರ್ ಹ್ಯೂಗೋ ಗ್ರೀನ್ ಎಂಬ ಅಂಚೆಯವರು ಅದನ್ನು ಪ್ರಕಟಿಸಿದರು. ಕಪ್ಪು ಜನಾಂಗದ ಪ್ರಯಾಣಿಕರಿಗೆ ಎಲ್ಲಿ ಊಟ ಹಾಕುವರು, ಎಲ್ಲಿ ಮಲಗಲು ಎಡೆ ಕೊಡುವರು ಎಂಬುದನ್ನು ಇದು ಹೇಳುತ್ತಿದ್ದಿತು. ಏಕೆಂದರೆ ನಾವು ಆ ದಿನಗಳಲ್ಲಿ ನಲಿಯುತ್ತ ಹಾಯ್ದ ದಾರಿಯಲ್ಲಿಯೇ ಅವರು ಬುತ್ತಿಯನ್ನು ಕಟ್ಟಿಕೊಂಡು ಹಾಯಬೇಕಾಗಿದ್ದಿತು. ಸೂರ್ಯನು ಮುಳುಗುವುದರೊಳಗೆ ಅವರು ಊರು ಬಿಡತಕ್ಕದ್ದೆಂಬ ಕಟ್ಟಳೆಯಿದ್ದ ಊರುಗಳು ಆ ದಾರಿಯಲ್ಲಿ ಹಲವಿದ್ದವು. ಲಿಂಕನರ ಸ್ಪ್ರಿಂಗ್‌ಫೀಲ್ಡಿನಲ್ಲಿಯೇ 1908ರಲ್ಲಿ ಬಿಳಿಯರ ಗುಂಪು ಕಪ್ಪು ಜನಾಂಗದವರ ಮನೆಗಳನ್ನು ಸುಟ್ಟಿದ್ದಿತು. ಉಪಾಹಾರಗೃಹಗಳಲ್ಲಿ ಭೇದವೆಣಿಸಬಾರದೆಂದು ಇಲಿನಾಯ್ ಸಂಸ್ಥಾನವು 1885ರಷ್ಟು ಹಿಂದೆಯೇ ಶಾಸನ ಮಾಡಿದ್ದರೂ, ಅದು ಬಹುಮಟ್ಟಿಗೆ ಕಾಗದದ ಮೇಲೆಯೇ ಉಳಿದಿದ್ದಿತು.

ಆ ಪುಸ್ತಕದಲ್ಲಿ ಸ್ಪ್ರಿಂಗ್‌ಫೀಲ್ಡ್ ಎಂಬ ಶಿರೋನಾಮೆಯ ಕೆಳಗಿದ್ದ ಹೆಸರುಗಳನ್ನು ನಾವು ಓದಿದೆವು. ಅವುಗಳಲ್ಲಿ ಸಾಮಾನ್ಯ ಗೃಹಿಣಿಯರ ಹೆಸರುಗಳಿದ್ದವು. ಊರಿನ ಹೋಟೆಲುಗಳು ಬಾಗಿಲು ಮುಚ್ಚಿದ್ದ ಕಾಲದಲ್ಲಿ ಈ ತಾಯಂದಿರು ತಮ್ಮ ಮನೆಯ ಕೋಣೆಯನ್ನು ಪ್ರಯಾಣಿಕರಿಗೆ ಬಿಟ್ಟುಕೊಡುತ್ತಿದ್ದರು.

ನಮ್ಮಲ್ಲೊಬ್ಬ ಗೆಳತಿಯು ಆ ಪುಟವನ್ನು ಬಹಳ ಹೊತ್ತು ನೋಡುತ್ತಿದ್ದು, ಐವತ್ತು ವರ್ಷಗಳ ಸ್ನೇಹದಲ್ಲಿ ಎಂದೂ ಆಡದಿದ್ದ ಮಾತನ್ನು ಆಡಿದಳು. ಆಕೆಯ ತಂದೆಯವರು ತಮ್ಮ ಊರಿನ ಕಾಫಿ ಹೋಟೆಲಿನ ಹೊರಜಗಲಿಯ ಕೆಳಗೆ ನಿಂತು, ತಮ್ಮವರಿಗೆಂದು ಗೂಟಕ್ಕೆ ಬೇರೆ ಸಿಕ್ಕಿಸಿದ್ದ ಲೋಟವನ್ನು ತೆಗೆದುಕೊಂಡು, ಮೇಲಿನಿಂದ ಹೊಯ್ದ ಕಾಫಿಯನ್ನು ಕುಡಿದು, ಅದನ್ನು ತಾವೇ ತೊಳೆದು ಮತ್ತೆ ಗೂಟಕ್ಕೆ ಸಿಕ್ಕಿಸುತ್ತಿದ್ದರಂತೆ. ನಮ್ಮ ರಾಜ್ಯಾಂಗವು 1950ರಲ್ಲಿ ಜಾರಿಗೆ ಬಂದು, ಜಾತಿಯ ಕಾರಣದಿಂದ ಯಾರನ್ನೂ ಹೋಟೆಲಿನಿಂದ ಹೊರಗಿಡಕೂಡದೆಂದು ಸಾರಿದ್ದಿತು. ಹಾಗೆ ಹೊರಗಿಟ್ಟವರಿಗೆ 1955ರ ಅಸ್ಪೃಶ್ಯತಾ ಅಪರಾಧಗಳ ಶಾಸನವು ಶಿಕ್ಷೆಯನ್ನೂ ವಿಧಿಸಿದ್ದಿತು. ಆದರೆ ಆ ಲೋಟವು ಅದಾದ ಮೇಲೂ ಕೆಲವು ವರ್ಷ ಗೂಟದಲ್ಲಿಯೇ ಇದ್ದಿತು. "ನಮ್ಮಪ್ಪನಿಗೂ ಇಂಥ ಪುಸ್ತಕವೊಂದು ಇದ್ದಿದ್ದರೆ, ಅದರಲ್ಲಿ ಬರೆಯುವುದಕ್ಕೆ ಎಷ್ಟು ಮನೆಗಳು ಸಿಕ್ಕುತ್ತಿದ್ದವೋ!" ಎಂದು ಆಕೆ ಹೇಳಿದಳು. ನಾವಿಬ್ಬರೂ ಏನನ್ನೂ ಹೇಳಲಾರದೆ ಹೋದೆವು.

ಪ್ರಯಾಣ ಮೊದಲಾದಂದಿನಿಂದ ಈ ಗೆಳತಿಯು ಊಟದ ಮನೆಗೆ ಹೊಕ್ಕೊಡನೆ ಮೂಲೆಯ ಮೇಜನ್ನೇ ಆರಿಸುತ್ತಿದ್ದಳು. ಗಾಳಿಗೋಸ್ಕರವೆಂದು ನಾವು ತಿಳಿದಿದ್ದೆವು. ಮರುದಿನ ಬೆಳಿಗ್ಗೆ, ಹೆಸರು ಹೇಳುವಷ್ಟು ಪ್ರಸಿದ್ಧವಲ್ಲದ ಒಂದು ಪುಟ್ಟ ಊರಿನ ಉಪಾಹಾರಗೃಹವನ್ನು ಹೊಕ್ಕಾಗ, ಆಕೆ ನೇರವಾಗಿ ನಡೆದು, ನಡುವಣ ಉದ್ದನೆಯ ಕಟ್ಟೆಯ ಮುಂದಿನ ಎತ್ತರದ ಪೀಠಗಳಲ್ಲಿ ಒಂದನ್ನೇರಿ, ರೈತರ ಸಾಲಿನಲ್ಲಿ ಕುಳಿತಳು. ನಾವೂ ಮಗ್ಗುಲಲ್ಲಿ ಕುಳಿತೆವು. ಬಡಿಸುವ ಹೆಂಗಸು ನಮ್ಮಷ್ಟೇ ವಯಸ್ಸಿನವಳು. "ಎಲ್ಲಿಂದ ಬಂದಿರಿ, ತಾಯಂದಿರಾ?" ಎಂಬ ಅರ್ಥದಲ್ಲಿ ವಿಚಾರಿಸಿ, ಕಾಫಿಯನ್ನು ಹೊಯ್ದಳು. ಹೊಸ ಹೆದ್ದಾರಿಯು ತೆರೆದ ವಾರದಲ್ಲಿ ತನ್ನ ತಾಯಿಯು ಎಂದಿನಂತೆ ಹನ್ನೆರಡು ಪೈಗಳನ್ನು ಸುಟ್ಟು ಕಾದಿದ್ದು, ಒಂಬತ್ತನ್ನು ನೆರೆಯವರಿಗೆ ಹಂಚಿದ ಕಥೆಯನ್ನು ಹೇಳಿದಳು. ಆ ತಾಯಿಯ ಕಾಲದಲ್ಲಿ ಇದೇ ಕಟ್ಟೆಯಲ್ಲಿ ಎಲ್ಲರೂ ಕುಳಿತುಕೊಳ್ಳಬಹುದಾಗಿತ್ತೇ ಎಂದು ನಮ್ಮ ಗೆಳತಿಯು ಮೆಲ್ಲನೆ ಕೇಳಿದಳು. ಆಕೆ ಕಾಫಿಯ ಪಾತ್ರೆಯನ್ನು ಕೆಳಗಿಟ್ಟು, "ಇಲ್ಲ, ಹಿಂದಿನ ಬಾಗಿಲಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಿದ್ದರು. ನಾನು ಚಿಕ್ಕವಳಾಗಿ ಎಷ್ಟೋ ಸಲ ಕೊಟ್ಟಿದ್ದೇನೆ" ಎಂದು ಉತ್ತರಕೊಟ್ಟಳು. ಮರೆಮಾಚದೆ ನುಡಿದ ಆ ಮಾತಿಗಾಗಿ ನಮಗೆ ಆಕೆಯ ಮೇಲೆ ಗೌರವ ಹುಟ್ಟಿತು.

ಅಮೆರಿಕದಲ್ಲಿ ಹಿಂದಿನ ಬಾಗಿಲಿನ ಈ ಪದ್ಧತಿಯನ್ನು ದೇಶಕ್ಕೆಲ್ಲ ಅನ್ವಯಿಸುವಂತೆ ನಿಷೇಧಿಸಿದ್ದು 1964ರ ನಾಗರಿಕ ಹಕ್ಕುಗಳ ಶಾಸನ. ಗ್ರೀನರು ತಮ್ಮ ಪುಸ್ತಕವು ಬೇಡವಾಗುವ ದಿನವೊಂದು ಬರಲೆಂದು ಅದರಲ್ಲಿಯೇ ಹಾರೈಸಿದ್ದರು. ಅವರು ತೀರಿಹೋದ ಮೇಲೆ, 1966–67ರ ಸಂಚಿಕೆಯೊಂದಿಗೆ ಅದು ನಿಂತಿತು.

ಅಂದು ಮಧ್ಯಾಹ್ನ ಲಿಚ್‌ಫೀಲ್ಡಿನ ಅರಿಸ್ಟನ್ ಕೆಫೆಯಲ್ಲಿ ಊಟಮಾಡಿದೆವು. ಗ್ರೀಸ್ ದೇಶದಿಂದ ಬಂದ ಪೀಟ್ ಆಡಮ್ ಎಂಬುವರು 1924ರಲ್ಲಿ ಬೇರೊಂದು ಊರಿನಲ್ಲಿ ಮೊದಲುಮಾಡಿ, ದಾರಿಯನ್ನು ಹಿಂಬಾಲಿಸಿ ಇಲ್ಲಿಗೆ ತಂದ ಮನೆ ಅದು. ಅರಿಸ್ಟನ್ ಎಂದರೆ ಗ್ರೀಕರ ಭಾಷೆಯಲ್ಲಿ ಅತ್ಯುತ್ತಮವಾದುದು. ಪರದೇಶದಿಂದ ಬಂದವನೊಬ್ಬನು ಇಟ್ಟ ಒಲೆಯ ಊಟವನ್ನು ಪರದೇಶದಿಂದ ಬಂದ ನಾವು ಉಂಡೆವು.

ನಾಲ್ಕನೆಯ ದಿನ ಮಿಸಿಸಿಪ್ಪಿ ಮಹಾನದಿಯನ್ನು ಚೇನ್ ಆಫ್ ರಾಕ್ಸ್ ಸೇತುವೆಯ ಮೇಲೆ ಕಾಲುನಡೆಯಿಂದ ದಾಟಿದೆವು. 1929ರಲ್ಲಿ ತೆರೆದ ಈ ಸೇತುವೆಯು ಒಂದು ಮೈಲಿಗಿಂತಲೂ ಉದ್ದ. ನಡುನದಿಯಲ್ಲಿ ಅದು ಮೊಣಕೈಯಂತೆ ಬಾಗಿರುವುದು. ಈಗ ಮೋಟಾರುಗಳಿಗೆ ಅಲ್ಲಿ ಪ್ರವೇಶವಿಲ್ಲ. ನಮ್ಮನ್ನು ಆಚೆಯ ದಡದಲ್ಲಿ ಕೂಡಿಕೊಂಡ ಸಾರಥಿಯು ಸೇಂಟ್ ಲೂಯಿಸಿನ ಟೆಡ್ ಡ್ರೂಸ್ ಎಂಬಲ್ಲಿಗೆ ಕರೆದೊಯ್ದು, ಮೊಟ್ಟೆಯ ಹಳದಿ ಸೇರಿಸಿ ಹೆಪ್ಪುಗಟ್ಟಿಸಿದ ಕಸ್ಟರ್ಡನ್ನು ಕೊಡಿಸಿದಳು. ಅದು ಎಷ್ಟು ಗಟ್ಟಿಯೆಂದರೆ, ಬಡಿಸುವ ಹುಡುಗನು ಬಟ್ಟಲನ್ನು ತಲೆಕೆಳಗುಮಾಡಿ ತೋರಿಸಿಯೇ ಕೈಗಿತ್ತನು. ಒಂದು ಹನಿಯೂ ಬೀಳಲಿಲ್ಲ.

ಪ್ರಿಯ ಸಹೋದರಿಯರೇ, ಈ ಶಾಲೆಯ ವಸತಿಗೃಹದಲ್ಲಿ ನಾವು ಮೂವರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು. ಯಾರ ತಟ್ಟೆ ಯಾರದೆಂಬ ಗುರುತು ಅಲ್ಲಿ ಇರಲಿಲ್ಲ. ಅದರ ಬೆಲೆಯೆಷ್ಟೆಂಬುದನ್ನು ನಮ್ಮ ಗೆಳತಿಯು ಹನ್ನೊಂದನೆಯ ವಯಸ್ಸಿನಲ್ಲಿಯೇ ಬಲ್ಲವಳಾಗಿದ್ದಳು. ಆದರೆ ಆ ದಿನಗಳಲ್ಲಿ ಅಡಿಗೆಮಾಡಿ ಬಡಿಸಿದವರು ನಾವು ಉಂಡ ಮೇಲೆ ಒಳಗೆ ಎಲ್ಲಿ ಕುಳಿತು ಉಣ್ಣುತ್ತಿದ್ದರೆಂಬುದು ನಮ್ಮ ಮೂವರಲ್ಲಿ ಯಾರ ನೆನಪಿಗೂ ಬರಲೊಲ್ಲದು. ಆದುದರಿಂದ ಹಳೆಯ ವಿದ್ಯಾರ್ಥಿನಿಯರ ಮುಂದಿನ ಸಮ್ಮೇಳನದ ಸಮಿತಿಯವರಿಗೆ ನಮ್ಮದೊಂದು ಬಿನ್ನಹವಿದೆ. ಆ ದಿನದ ಊಟದಲ್ಲಿ ಅಡಿಗೆಯವರನ್ನೂ, ಗುಡಿಸುವವರನ್ನೂ, ಬಾಗಿಲು ಕಾಯುವವರನ್ನೂ ಮೊದಲನೆಯ ಪಂಕ್ತಿಯಲ್ಲಿ ಕುಳ್ಳಿರಿಸತಕ್ಕದ್ದು. ಬಡಿಸುವುದಕ್ಕೆ ನಾವು ಮೂವರು ಸಿದ್ಧರಿರುವೆವು. ಇನ್ನೂ ಹತ್ತು ಜನ ಕೈಗೂಡಿಸುವುದಾದರೆ ಸಾಕು. ಪಾಯಸವನ್ನು ಹೊಯ್ಯುವ ಕೆಲಸವನ್ನು ಮಾತ್ರ ನಮ್ಮ ಗೆಳತಿಯು ತನಗೇ ಇರಲೆಂದು ಈಗಲೇ ಹೇಳಿಟ್ಟಿರುವಳು.