ಗ್ರೀನ್ಸ್‌ಬರೊದ 56 ತಪ್ಪುಗಳು

ಅಮೆರಿಕದ ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೊದಲ್ಲಿ, ಮೊದಲ ಮಹಾಯುದ್ಧದಲ್ಲಿ ಮಡಿದವರ ನೆನಪಿಗೆಂದು 1926ರಲ್ಲಿ ಕ್ರೀಡಾಂಗಣವೊಂದನ್ನು ಕಟ್ಟಿದರು. ನ್ಯೂಯಾರ್ಕ್ ಯಾಂಕೀಸ್ ತಂಡ ಆರಿಸಿದ್ದ ಡೆರೆಕ್ ಜೀಟರ್ ಎಂಬ ಹುಡುಗ 1993ರಲ್ಲಿ ಇಲ್ಲಿ ಕೆಳಹಂತದ ಲೀಗ್ ಬೇಸ್‌ಬಾಲ್ ಆಡಿದ. ಎರಡನೇ, ಮೂರನೇ ಬೇಸ್‌ಗಳ ನಡುವೆ ನಿಂತು, ನೆಲಕ್ಕೆ ಪುಟಿದು ಬರುವ ಚೆಂಡನ್ನು ಹಿಡಿದು ಮೊದಲ ಬೇಸ್‌ಗೆ ಎಸೆಯುವುದು ಅವನ ಕೆಲಸ. ಓಟಗಾರ 90 ಅಡಿ ಕ್ರಮಿಸಲು ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು ಸಾಕು. ಪ್ರತಿಭಾನ್ವೇಷಕರ ಕೈಯಲ್ಲಿ ಸ್ಟಾಪ್‌ವಾಚ್ ಇರುವುದು ಅದಕ್ಕೇ.

ಆ ವರ್ಷ ಜೀಟರ್ ಮಾಡಿದ ತಪ್ಪುಗಳು 56! ಅಂಕಪಟ್ಟಿ ಕಂಡು ಬೆಚ್ಚುವ ತಂದೆತಾಯಿಯಾಗಿದ್ದರೆ ಆಟವನ್ನೇ ಬಿಡಿಸುತ್ತಿದ್ದರೋ ಏನೋ. ತಂಡ ಅವನ ಜಾಗ ಬದಲಿಸಲಿಲ್ಲ. ಕೈಗೆ ಪೆಟ್ಟಾಗಿ ಬ್ಯಾಟು ಹಿಡಿಯಲಾಗದಿದ್ದಾಗ ತರಬೇತುದಾರರು ಫ್ಲಾರಿಡಾದಲ್ಲಿ ಚೆಂಡು ಹಿಡಿಯುವುದನ್ನಷ್ಟೇ ಕಲಿಸಿದರು. 1994ರಲ್ಲಿ ಟ್ಯಾಂಪಾ, ಆಲ್ಬನಿ, ಕೊಲಂಬಸ್: ಒಂದೇ ಋತುವಿನಲ್ಲಿ ಮೂರು ಮೆಟ್ಟಿಲು.