ಗಾಲ್ಫ್, ಅದಿತಿ ಮತ್ತು ನಮ್ಮ ಖೋ ಖೋ

ನಮ್ಮ ಹೊಸಪೇಟೆ ಕಡೆ ಗಾಲ್ಫ್ ಅಂದ್ರೆ ಕಾರ್ಟೂನಿನಲ್ಲಿ ಶ್ರೀಮಂತ ಅಂಕಲ್‌ಗಳು ಆಡೋ ಆಟ. ಅಷ್ಟು ಹುಲ್ಲಿಗೆ ಬಿಡೋ ನೀರಿದ್ರೆ ಕಂಪ್ಲಿಯವರು ಭತ್ತ ಹಾಕ್ತಾರೆ. ಸಂಡೂರಿನ ಲಾರಿ ರಸ್ತೆ ಪಕ್ಕ ಬಿಳಿ ಚೆಂಡು ಇಟ್ರೆ ಅದಿರಿನ ಧೂಳಿಗೆ ಕೆಂಪಾಗುತ್ತೆ. ಹಂಪಿಯಲ್ಲಂತೂ ಚೆಂಡು ಯಾವ ಬಂಡೆ ಸಂದಿಗೆ ಹೋಯ್ತು ಅಂತ ಹುಡುಕೋದ್ರಲ್ಲೇ ದಿನ ಮುಗಿಯುತ್ತೆ.

ಅಂಥ ಕಡೆಯ ನಾವು ಮೂವರು ಹುಡುಗಿಯರು 2021ರ ಆಗಸ್ಟ್ 7ರಂದು ಕತ್ತಲಲ್ಲೇ ಎದ್ದು ಗಾಲ್ಫ್ ನೋಡಿದ್ವಿ. ಒಂದೇ ಸ್ಕೂಲಿನ ಖೋ ಖೋ ಟೀಮಿನವರು ನಾವು. ಆಗ ಕ್ಲಾಸು ಆನ್‌ಲೈನ್, ಹಾಗಾಗಿ ಒಬ್ಬೊಬ್ಬರು ಒಂದೊಂದು ಊರಲ್ಲಿ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಪದಕದ ಹತ್ತಿರ ಇದ್ದಾರೆ ಅಂತ ಸುದ್ದಿ. ನಮಗೆ ಪಾರ್, ಬರ್ಡಿ ಒಂದೂ ಗೊತ್ತಿಲ್ಲ, ವಾಟ್ಸಾಪಲ್ಲೇ ಕೇಳಿಕೊಂಡು ಕಲಿತ್ವಿ. ಒಂದು ಗುಂಡಿಗೆ ಚೆಂಡು ಹಾಕೋಕೆ ಇಷ್ಟು ಹೊಡೆತ ಅಂತ ಲೆಕ್ಕ ಇರುತ್ತೆ, ಅದು ಪಾರ್. ಅದಕ್ಕಿಂತ ಒಂದು ಕಡಿಮೆಯಲ್ಲಿ ಹಾಕಿದ್ರೆ ಬರ್ಡಿ.

ವಿಶ್ವ ರ‍್ಯಾಂಕಿಂಗ್‌ನಲ್ಲಿ ಅದಿತಿ ಆಗ 200ನೇ ಸ್ಥಾನದಲ್ಲಿದ್ರು. ಬ್ಯಾಗ್ ಹೊತ್ತು ಪಕ್ಕದಲ್ಲಿ ನಡೀತಿದ್ದವರು ಅವರ ಅಮ್ಮ. "ಮಗಳ ಬ್ಯಾಗು ಅವ್ವ ಯಾಕ ಹೊರಬೇಕು?" ಅಂತ ಕಂಪ್ಲಿಯ ಅಜ್ಜಿಗೆ ಸಿಟ್ಟು. ಮಳೆ ಬಂದು ಆಟ ನಿಂತು, ಮತ್ತೆ ಶುರುವಾಗಿ, ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿತು. ನಾಲ್ಕನೇ ಸ್ಥಾನ. ಸಂಜೆ ನೀರಜ್ ಚೋಪ್ರಾ ಚಿನ್ನ ಗೆದ್ರು, ಬೆಳಗಿನ ಆಟ ಊರಿಗೆಲ್ಲ ಮರೆತೇ ಹೋಯ್ತು.

ನಮಗೆ ಮಾತ್ರ ಮರೀಲಿಲ್ಲ. ಹುಡುಕಿದಾಗ ಸಿಕ್ಕಿದ್ದು ವಿಮೆನ್ಸ್ ಇಂಡಿಯನ್ ಓಪನ್. ಗಂಡಸರ ಇಂಡಿಯನ್ ಓಪನ್ 1964ರಿಂದ ಇದೆ, ಹೆಂಗಸರದು ಶುರುವಾಗಿದ್ದು 2007ರಲ್ಲಿ. ನಡುವೆ 43 ವರ್ಷ! 2010ರಲ್ಲಿ ಅದು ಲೇಡೀಸ್ ಯುರೋಪಿಯನ್ ಟೂರಿಗೆ ಸೇರಿತು. ಆ ಸಲ ಗೆದ್ದ ಇಂಗ್ಲೆಂಡಿನ ಲಾರಾ ಡೇವಿಸ್‌ಗೆ 47 ವರ್ಷ. ಆಮೇಲೆ ಸ್ವೀಡನ್, ಥಾಯ್ಲೆಂಡ್, ಫ್ರಾನ್ಸ್, ಡೆನ್ಮಾರ್ಕಿನವರು. ನಮ್ಮ ದೇಶದ ಓಪನ್, ನಮ್ಮವರು ಒಬ್ಬರೂ ಇಲ್ಲ. 2016ರ ನವೆಂಬರಿನಲ್ಲಿ ಗುರುಗ್ರಾಮದ ಡಿಎಲ್‌ಎಫ್ ಮೈದಾನದಲ್ಲಿ ಅದಿತಿ ಕೊನೇ ಗುಂಡಿಗೆ ಬರ್ಡಿ ಹೊಡೆದು, ಒಂದೇ ಹೊಡೆತದ ಅಂತರದಲ್ಲಿ ಗೆದ್ರು. ಆ ಯುರೋಪಿಯನ್ ಟೂರಿನ ಟೂರ್ನಿ ಗೆದ್ದ ಮೊದಲ ಭಾರತೀಯಳು. ಟೋಕಿಯೋದಲ್ಲಿ ಕೈಕೊಟ್ಟ ಆ ಒಂದು ಹೊಡೆತ ಅವತ್ತು ಕೈಹಿಡಿದಿತ್ತು. ಕೊರೋನಾದಿಂದ 2020, 2021ರಲ್ಲಿ ಟೂರ್ನಿ ನಡೀಲಿಲ್ಲ, 2022ರಲ್ಲಿ ಮತ್ತೆ ಶುರುವಾಯ್ತು.

ಆ ಟ್ರೋಫಿ ಹಿಡಿದಾಗ ಅವರಿಗೆ 18. ಅದೇ ವಯಸ್ಸಲ್ಲಿ ನಮ್ಮ ಕೈಯಲ್ಲಿದ್ದಿದ್ದು ಸಿಇಟಿ ರ‍್ಯಾಂಕು. ಖೋ ಖೋ ಬಿಡಿ ಅಂತ ಯಾರೂ ಬೈಯಲಿಲ್ಲ. ಸೆಕೆಂಡ್ ಪಿಯು, ಟ್ಯೂಷನ್, ಬಿಸಿಲಿಗೆ ಕಪ್ಪಾಗ್ತೀವಿ, ಕತ್ತಲಾಗುತ್ತೆ ಅಂತ ನಾವೇ ಬಿಟ್ವಿ. ಬೆಂಗಳೂರಿನ ಕ್ಲಬ್ಬು, ಕೋಚು, ದೇಶ ದೇಶ ಜೊತೆಗೆ ತಿರುಗೋ ಅಪ್ಪ ಅಮ್ಮ ಎಲ್ಲರಿಗೂ ಸಿಗಲ್ಲ, ನಿಜ. ಆದ್ರೆ ನಮಗೆ ಬೇಕಿದ್ದಿದ್ದು ಎರಡು ಕಂಬ, ಒಂದಿಷ್ಟು ಸುಣ್ಣ.

ದಸರಾ ರಜೆಯಲ್ಲಿ ಹಂಪಿಯ ಮಹಾನವಮಿ ದಿಬ್ಬದ ಹತ್ತಿರ ಕೂತು ಇದನ್ನೇ ಮಾತಾಡ್ತಿದ್ವಿ. ವಿಜಯನಗರದ ಅರಮನೆಯಲ್ಲಿ ಕುಸ್ತಿ ಆಡೋ ಹೆಂಗಸರಿದ್ರು ಅಂತ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 16ನೇ ಶತಮಾನದಲ್ಲೇ ಬರೆದಿದ್ದಾನೆ. "ಅವರಿಗೆ ಸಿಇಟಿ ಇರ್ಲಿಲ್ಲ ಬಿಡು" ಅಂದ್ಲು ಸಂಡೂರಿನವಳು. ನಕ್ವಿ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಈಗ ಶನಿವಾರ ಸಂಜೆ ಐದೂವರೆಗೆ ಲೇಡೀಸ್ ಹಾಸ್ಟೆಲ್ ಹಿಂದಿನ ಗ್ರೌಂಡಲ್ಲಿ ಇರ್ತೀವಿ. ಖೋ ಖೋಗೆ ಒಂಬತ್ತು ಜನ ಬೇಕು, ಐದು ಜನ ಆಗಿದೀವಿ. ಶೂ ಇಲ್ಲದಿದ್ರೂ ನಡೆಯುತ್ತೆ.